ಮನೆ ಬಾಗಿಲಿಗೆ ಬರುವ ಮದ್ದು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳಿಗಾದರೂ ರೈಲುಂಟು. ಚಿಂಚೋಳಿಗೆ ಅದೂ ಇಲ್ಲ. ಅಪರೂಪದ ಮಾತ್ರೆಗಾಗಿ ಕಲಬುರಗಿಯ ದಾರಿ ಹಿಡಿಯುತ್ತಿದ್ದವರು ಇಂದು ಮೊಬೈಲಿನಲ್ಲಿಯೇ ತರಿಸಿಕೊಳ್ಳುತ್ತಾರೆ. ಅನುಕೂಲವೇ ಸರಿ, ಬೇಡವೆನ್ನಲಾರೆ. ಆದರೆ ಬಣ್ಣ ಒಪ್ಪದಿದ್ದರೆ ಹಿಂದಿರುಗಿಸಲು ಮದ್ದು ಸೀರೆಯಲ್ಲವಷ್ಟೆ!

ಊರಿನ ಔಷಧದ ಅಂಗಡಿಯವರು “ಚೀಟಿ ಎಲ್ಲಿ?” ಎಂದರೆ ನಮಗೆ ಮುನಿಸು. ಆ ಪ್ರಶ್ನೆ 1945ರ ಔಷಧ ನಿಯಮಗಳದು. ಮೊಬೈಲಿನ ಅಂಗಡಿಗೂ ಅದರಿಂದ ಬಿಡುಗಡೆಯಿಲ್ಲ. ವೈದ್ಯರ ಚೀಟಿ ಕೇಳದೆ ನಿದ್ರೆಯ ಗುಳಿಗೆಯನ್ನಾಗಲಿ ಆಂಟಿಬಯಾಟಿಕ್ಕನ್ನಾಗಲಿ ಕಳಿಸುವವನು ಬೆಲೆಯಲ್ಲಿ ಎಷ್ಟೇ ಬಿಡಲಿ, ಅವನಿಂದ ಏನನ್ನೂ ಕೊಳ್ಳಬೇಡಿ. ಬಿಲ್ಲಿನಲ್ಲಿ ಅಂಗಡಿಯ ವಿಳಾಸ, ಲೈಸೆನ್ಸ್ ನಂಬರು ಇರಲಿ. ಬ್ಯಾಚ್ ನಂಬರು ಪೊಟ್ಟಣದ್ದಕ್ಕೆ ತಾಳೆಯಾಗಲಿ. 2023ರ ಆಗಸ್ಟ್ 1ರಿಂದೀಚೆಗೆ ತಯಾರಾದ 300 ಹೆಸರಾಂತ ಬ್ರಾಂಡುಗಳ ಮೇಲೆ ಕ್ಯೂಆರ್ ಕೋಡ್ ಇರಬೇಕೆಂದು ಕಾನೂನು. ಮಕ್ಕಳ ಕೈಗೆ ಕೊಟ್ಟರೆ ತಯಾರಕರ ಹೆಸರನ್ನೂ ಅವಧಿಯನ್ನೂ ಓದಿ ಹೇಳುತ್ತಾರೆ. ಹೊಂದದಿದ್ದರೆ ನುಂಗಬೇಡಿ, ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

ಇನ್ನು ಇನ್ಸುಲಿನ್. ಬಳಕೆಗೆ ತೆರೆಯುವವರೆಗೆ ಅದು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ನಮ್ಮ ಮೇ ತಿಂಗಳ ಬಿಸಿಲೋ 40 ಡಿಗ್ರಿ ದಾಟುತ್ತದೆ; ಅಂಗಳದ ಶಹಾಬಾದಿ ಕಲ್ಲು ಕಾಲು ಸುಡುತ್ತದೆ. ಅಂಥ ಬಿಸಿಲಲ್ಲಿ ಪಾರ್ಸಲ್ ಗಾಡಿಯೊಳಗೆ ಬೆಂದ ಸೀಸೆಯ ಕಸುವು ಕುಂದಿದರೂ ನೋಟಕ್ಕೆ ತಿಳಿಯದಿರಬಹುದು. ಮನೆಯ ಹಿರಿಯರ ರಕ್ತದಲ್ಲಿ ಸಕ್ಕರೆ ಏರಿದ ಮೇಲೆಯೇ ತಿಳಿಯುತ್ತದೆ. ತಂಪಿನ ಪೊಟ್ಟಣ ಬೆಚ್ಚಗಾಗಿ ಬಂದರೆ ಹಿಂದಕ್ಕೆ ಕಳಿಸಿ. ಬೇಸಿಗೆಯಲ್ಲಂತೂ ಇನ್ಸುಲಿನ್ನನ್ನು ಊರಂಗಡಿಯ ಫ್ರಿಜ್ಜಿನಿಂದ, ಮಂಜುಗಡ್ಡೆಗೆ ನೇರವಾಗಿ ತಾಕದಂತೆ ತಂಪು ಚೀಲದಲ್ಲಿ ತರುವುದೇ ಲೇಸೆಂದು ನನ್ನ ಮತ.