ಚಿತ್ರದ ಕುರಿ, ಹಟ್ಟಿಯ ಕುರಿ



ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದ ಆಸುಪಾಸಿನ ಮಗು ಅಂಗನವಾಡಿಗೆ ಬರುವ ಮೊದಲೇ ಕುರಿ, ಎಮ್ಮೆ, ಕೋಳಿಗಳನ್ನು ಬಲ್ಲದು. ಎಣಿಕೆಯೂ ಬಣ್ಣವೂ ಅಲ್ಲಿಂದಲೇ ಆರಂಭವಾಗತಕ್ಕದ್ದು. ಹತ್ತರವರೆಗೆ ಬಾಯಿಪಾಠ ಒಪ್ಪಿಸುವುದು ಎಣಿಕೆಯಲ್ಲ. ಚಿತ್ರದ ಒಂದೊಂದು ಕುರಿಯ ಮೇಲೂ ಬೆರಳಿಟ್ಟು ಎಣಿಸಿ, ಒಟ್ಟು ಎಷ್ಟೆಂದು ಕೇಳಿದಾಗ ಪುನಃ ಎಣಿಸದೆ ‘ಐದು’ ಎಂದ ಮಗುವಿಗೆ ಸಂಖ್ಯೆ ದಕ್ಕಿದೆ. ಬಣ್ಣಕ್ಕಾದರೋ ಕರಿಯ ಕುರಿ, ಬಿಳಿಯ ಕುರಿ ಅಕ್ಕಪಕ್ಕ ಇರಬೇಕು. ಆಕಾರ ಒಂದೇ, ಬಣ್ಣ ಮಾತ್ರ ಬೇರೆ. ಪುಸ್ತಕದ ಹಸು ಬಹುಮಟ್ಟಿಗೆ ಮಚ್ಚೆಯ ಸೀಮೆಹಸು. ಬೂದುಬಣ್ಣದ ಅಮೃತಮಹಲ್ ರಾಸನ್ನು ಅಂಗನವಾಡಿಯ ಗೋಡೆಯ ಮೇಲಾದರೂ ಬರೆಯಿಸಬಹುದು.

ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ದೊರೆಯುತ್ತವೆ. ಗ್ರಂಥಾಲಯದ ಬೀರುವಿನಲ್ಲಿರುವವೂ ಅಂಗನವಾಡಿಗೆ ಹೋಗಲಿ. ಮೂರು ವರ್ಷದವರ ಕೈಯಲ್ಲಿ ಹಾಳೆ ಹರಿದೇ ಹರಿಯುತ್ತದೆ. ಅದರ ವೆಚ್ಚವನ್ನು ಗ್ರಂಥಪಾಲಕರ ಮೇಲಾಗಲಿ ಕಾರ್ಯಕರ್ತೆಯ ಮೇಲಾಗಲಿ ಹೊರಿಸಕೂಡದೆಂದು ಮುಂದಿನ ಸಾಮಾನ್ಯ ಸಭೆಯಲ್ಲಿಯೇ ನಿರ್ಣಯವಾಗಲಿ.