ಬಯಲಿನ ಊರು, ಕಣಿವೆಯ ಮನೆ: ಮೊಬೈಲ್ ಸಂಪರ್ಕದ ಎರಡು ಲೆಕ್ಕ

(ಕರ್ಜಗಿಯಲ್ಲಿ ರೈತರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಘಟ್ಟದ ಪರಿಸರ ಬಳಗದವರು ಬಯಲುಸೀಮೆಗೆ ಬಂದು ಮೊಬೈಲ್ ಸಂಪರ್ಕದ ಬಗ್ಗೆ ಮಾತನಾಡುವುದು ತಮ್ಮಲ್ಲಿ ಕೆಲವರಿಗೆ ಅಚ್ಚರಿಯೆನಿಸಬಹುದು. ಕಾಡು, ಮಣ್ಣು, ನೀರು ನಮ್ಮ ಎಂದಿನ ವಿಷಯಗಳು. ಆದರೆ ಇಂದಿನ ವಿಷಯಕ್ಕೂ ನೀರಿಗೂ ನೇರವಾದ ಸಂಬಂಧವಿದೆ. ವರದಾ ನದಿಯು ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ಹಾನಗಲ್ಲ ಸೀಮೆಯನ್ನು ದಾಟಿ, ನಿಮ್ಮ ಹೊಲಗಳ ಪಕ್ಕದಲ್ಲಿ ಹರಿದು ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಮಳೆ ಸುರಿಯುವುದು ಅಲ್ಲಿ, ನೆರೆ ಏರುವುದು ಇಲ್ಲಿ. 2019ರ ಆಗಸ್ಟ್ ತಿಂಗಳಲ್ಲಿ ವರದೆಯ ದಂಡೆಯ ಗ್ರಾಮಗಳು ಅನುಭವಿಸಿದ್ದನ್ನು ನಾನು ನೆನಪಿಸಬೇಕಾಗಿಲ್ಲ. ಮೇಲಿನ ಮಳೆ ಕೆಳಗೆ ಪ್ರವಾಹವಾಗಿ ಬರುವ ಮುನ್ನ ಕೆಲವು ಗಂಟೆಗಳ ಅವಕಾಶ ಇದ್ದೇ ಇರುತ್ತದೆ. ಆ ಅವಕಾಶದಲ್ಲಿ ಸುದ್ದಿ ನೀರಿಗಿಂತ ಮೊದಲು ತಲುಪಬೇಕು. ಸುದ್ದಿ ಹೊರಡಬೇಕಾದ ಕಣಿವೆಗಳಲ್ಲೇ ಇಂದು ಸಂಪರ್ಕ ಅತ್ಯಂತ ದುರ್ಬಲವಾಗಿದೆ.

ಬೇಡ್ತಿ-ವರದಾ ನದಿ ಜೋಡಣೆಯ ವಿಚಾರದಲ್ಲಿ ಘಟ್ಟದವರಿಗೂ ಬಯಲಿನವರಿಗೂ ಭಿನ್ನಾಭಿಪ್ರಾಯವಿದೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಇಂದು ಚರ್ಚಿಸುವ ವಿಷಯದಲ್ಲಿ ಎರಡೂ ಸೀಮೆಗಳ ಹಿತ ಒಂದೇ ಆಗಿದೆ.

ಊರು ಎಂದರೆ ಯಾವುದು?

ಕರ್ಜಗಿ, ಬ್ಯಾಡಗಿ, ರಾಣೆಬೆನ್ನೂರು ಭಾಗದ ಗ್ರಾಮಗಳಲ್ಲಿ ಮನೆಗಳು ಒತ್ತಾಗಿ ಒಂದೆಡೆ ಇರುತ್ತವೆ. ಸುತ್ತಲೂ ಹೊಲ, ನಡುವೆ ಊರು. ಇಲ್ಲಿ ಒಂದು ಟವರು ನಿಂತರೆ ಊರಿನ ಬಹುಪಾಲು ಮನೆಗಳ ಮಾಳಿಗೆಯಿಂದ ಅದು ಕಣ್ಣಿಗೆ ಕಾಣುತ್ತದೆ. ಶಿರಸಿ, ಸಿದ್ದಾಪುರ, ಸಾಗರ, ಹೊಸನಗರದ ಕಡೆ ಹಾಗಲ್ಲ. ಅಲ್ಲಿ ಅಡಿಕೆ ತೋಟ ಕಣಿವೆಯಲ್ಲಿ, ತೋಟದ ಅಂಚಿಗೆ ಮನೆ, ಮನೆಯ ಬೆನ್ನಿಗೆ ಸೊಪ್ಪಿನ ಬೆಟ್ಟ. ಒಂದು ಕಂದಾಯ ಗ್ರಾಮವೆಂದರೆ ಹಲವು ಮಜರೆಗಳು, ಒಂದು ಮಜರೆಯೆಂದರೆ ನಾಲ್ಕೈದು ಮನೆಗಳು, ನಡುವೆ ಗುಡ್ಡಗಳು. ನೀರಿನ ಆಸರೆಗಾಗಿ ನಮ್ಮ ಹಿರಿಯರು ತಗ್ಗಿನಲ್ಲಿ ಮನೆ ಕಟ್ಟಿದರು. ಆ ತಗ್ಗೇ ಇಂದು ಸಂಪರ್ಕಕ್ಕೆ ಅಡ್ಡಿಯಾಗಿದೆ.

ಸರ್ಕಾರದ ಪಟ್ಟಿಯಲ್ಲಿ ಎರಡೂ ಕಡೆ ‘ಒಂದು ಗ್ರಾಮ’ ಎಂದೇ ಬರೆಯಲಾಗುತ್ತದೆ. ಗ್ರಾಮದ ಒಂದು ಮೂಲೆಯಲ್ಲಿ ಸಿಗ್ನಲ್ ಸಿಕ್ಕರೆ ಇಡೀ ಗ್ರಾಮ ಸಂಪರ್ಕ ಪಡೆದ ಊರುಗಳ ಸಾಲಿಗೆ ಸೇರಿಬಿಡಬಹುದು. ಬಯಲಿನಲ್ಲಿ ಈ ಲೆಕ್ಕ ಬಹುಮಟ್ಟಿಗೆ ಸರಿಹೊಂದುತ್ತದೆ, ಮಲೆನಾಡಿನಲ್ಲಿ ಸುಳ್ಳಾಗುತ್ತದೆ. ಇಂದು ನಾನು ಹೇಳಬಯಸುವ ಮುಖ್ಯ ಮಾತು ಇದೇ: ಸಂಪರ್ಕವನ್ನು ಗ್ರಾಮದ ಲೆಕ್ಕದಲ್ಲಿ ಅಳೆಯಬಾರದು, ಮನೆಯ ಲೆಕ್ಕದಲ್ಲಿ, ಅದರಲ್ಲೂ ಮಳೆಗಾಲದ ಲೆಕ್ಕದಲ್ಲಿ ಅಳೆಯಬೇಕು.

ಅಲೆಗಳ ಸ್ವಭಾವ

ವಿದ್ಯಾರ್ಥಿ ಮಿತ್ರರಿಗಾಗಿ ಸ್ವಲ್ಪ ವಿಜ್ಞಾನ ಹೇಳುತ್ತೇನೆ. ನೆಲ ಸಮತಟ್ಟಾಗಿದ್ದರೆ 40 ಮೀಟರ್ ಎತ್ತರದ ಟವರಿನ ತುದಿಯಿಂದ ದಿಗಂತದವರೆಗಿನ ದೂರ ಸುಮಾರು 22 ಕಿಲೋಮೀಟರ್. ಕೈಯಲ್ಲಿರುವ ಫೋನಿನ ಶಕ್ತಿ ಕಡಿಮೆಯಾದ್ದರಿಂದ ಬಳಕೆಗೆ ಸಿಗುವ ದೂರ ಇದಕ್ಕಿಂತ ಬಹಳ ಕಡಿಮೆ. ಆದರೂ ಬಯಲಿನಲ್ಲಿ ಅಲೆಗೆ ಅಡ್ಡ ನಿಲ್ಲುವಂಥದ್ದು ವಿರಳ. ಮಲೆನಾಡಿನಲ್ಲಿ ಟವರಿನಿಂದ ಒಂದು ಕಿಲೋಮೀಟರ್ ದೂರದ ಮನೆಗೂ ಗುಡ್ಡದ ನೆರಳು ಬೀಳುತ್ತದೆ. ಒದ್ದೆಯಾದ ದಟ್ಟ ಎಲೆಗಳು ಅಲೆಯ ಶಕ್ತಿಯನ್ನು ಇನ್ನಷ್ಟು ಹೀರುತ್ತವೆ.

ಎಲ್ಲ ಅಲೆಗಳೂ ಒಂದೇ ಬಗೆಯವಲ್ಲ. ಕಡಿಮೆ ಆವರ್ತನದ ಅಲೆ ದೂರ ಸಾಗುತ್ತದೆ, ಗುಡ್ಡದ ಅಂಚಿನಲ್ಲಿ ತುಸು ಬಾಗುತ್ತದೆ, ಎಲೆಗಳ ನಡುವೆಯೂ ತೂರುತ್ತದೆ. ಹೆಚ್ಚಿನ ಆವರ್ತನದ ಅಲೆ ಹೆಚ್ಚು ಮಾಹಿತಿಯನ್ನು ಹೊರಬಲ್ಲದು, ಆದರೆ ಬೇಗ ಸೊರಗುತ್ತದೆ. ಬಯಲು ಜಾಗದಲ್ಲೇ, ಒಂದೇ ದೂರದಲ್ಲಿ, ಅದೇ ಶಕ್ತಿಯಿಂದ ಹೊರಟ 2300 ಮೆಗಾಹರ್ಟ್ಸ್ ಅಲೆಯು 700 ಮೆಗಾಹರ್ಟ್ಸ್ ಅಲೆಗೆ ಹೋಲಿಸಿದರೆ ಸುಮಾರು ಹತ್ತನೆಯ ಒಂದು ಭಾಗದಷ್ಟು ಮಾತ್ರ ಕೈಗೆ ಸಿಗುತ್ತದೆ. ಆದ್ದರಿಂದ ‘ನಮಗೆ ಟವರು ಕೊಡಿ’ ಎಂದು ಕೇಳಿದರೆ ಸಾಲದು, ‘ಯಾವ ಆವರ್ತನದ ಟವರು?’ ಎಂದೂ ಕೇಳಬೇಕು.

ಹಾಗೆಂದು ಬಯಲಿನವರಿಗೆ ತೊಂದರೆಯೇ ಇಲ್ಲವೆಂದಲ್ಲ. ಇಲ್ಲಿಯ ತೊಂದರೆ ಬೇರೆ ಜಾತಿಯದು. ಇಲ್ಲಿ ಅಲೆ ತಲುಪುತ್ತದೆ, ಆದರೆ ಒಂದೇ ಟವರನ್ನು ನೂರಾರು ಫೋನುಗಳು ಹಂಚಿಕೊಳ್ಳುವುದರಿಂದ ಸಂಜೆಯ ಹೊತ್ತು ಎಲ್ಲವೂ ನಿಧಾನವಾಗುತ್ತದೆ. ಬಯಲಿನದು ದಟ್ಟಣೆಯ ಸಮಸ್ಯೆ, ಘಟ್ಟದ್ದು ತಲುಪುವಿಕೆಯ ಸಮಸ್ಯೆ. ಎರಡಕ್ಕೂ ಒಂದೇ ಔಷಧ ಕೊಟ್ಟರೆ ಎರಡೂ ವಾಸಿಯಾಗುವುದಿಲ್ಲ.

ಮಳೆಗಾಲದ ಮೌನ

ಟವರು ನಿಲ್ಲಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದಕ್ಕೆ ದಿನವಿಡೀ ವಿದ್ಯುತ್ ಬೇಕು. ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಘಟ್ಟದ ಊರುಗಳಲ್ಲಿ ದಿನಗಟ್ಟಲೆ ವಿದ್ಯುತ್ ಇರುವುದಿಲ್ಲ. ಬ್ಯಾಟರಿ ಕೆಲವು ಗಂಟೆ ನಡೆಸುತ್ತದೆ. ಬಳಿಕ ಜನರೇಟರಿಗೆ ಡೀಸೆಲ್ ತುಂಬಿಸುವವರು ಬರಬೇಕು, ಬರುವ ರಸ್ತೆಯ ಮೇಲೂ ಮರ ಬಿದ್ದಿರುತ್ತದೆ. ಹೀಗೆ ಸಂಪರ್ಕ ಅತ್ಯಗತ್ಯವಾದ ದಿನಗಳಲ್ಲೇ ಟವರು ಮೌನವಾಗುತ್ತದೆ. ಬೇಸಿಗೆಯಲ್ಲಿ ಸಮೀಕ್ಷೆ ಮಾಡಿದವರಿಗೆ ಈ ಮೌನ ಕೇಳಿಸುವುದಿಲ್ಲ.

ಇದರ ಪರಿಣಾಮ ಕರ್ಜಗಿಗೂ ತಟ್ಟುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ಅವು 15 ನಿಮಿಷಕ್ಕೊಮ್ಮೆ ಮಳೆಯ ಅಂಕಿಯನ್ನು ಕಳುಹಿಸುವುದು ಇದೇ ಮೊಬೈಲ್ ಜಾಲದ ಮೂಲಕ. ಟವರು ಸ್ತಬ್ಧವಾದರೆ ಘಟ್ಟದ ಮಳೆಯ ಅಂಕಿ ಸಕಾಲಕ್ಕೆ ಹೊರಡದು. ನದಿಯ ಮೇಲಿನ ಪಾತ್ರದ ಸುದ್ದಿ ನಿಂತಾಗ ಕೆಳಗಿನ ಪಾತ್ರದವರು ಕತ್ತಲೆಯಲ್ಲಿ ಇರಬೇಕಾಗುತ್ತದೆ.

ಸಿಡಿಲಿನ ವಿಷಯವೂ ಹೀಗೆಯೇ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಎಂಬ ತಂತ್ರಾಂಶ ಹತ್ತಿರದಲ್ಲಿ ಸಿಡಿಲು ಬೀಳುವ ಸಂಭವವನ್ನು ಮುಂಚಿತವಾಗಿ ತಿಳಿಸುತ್ತದೆ. ಬಯಲಿನ ಹೊಲದಲ್ಲಿ ನಿಂತ ರೈತನಿಗೂ ಬೆಟ್ಟದಲ್ಲಿ ದನ ಕಾಯುವವನಿಗೂ ಅದು ಪ್ರಾಣರಕ್ಷಕ. ಆದರೆ ಸಿಗ್ನಲ್ ಇಲ್ಲದ ಜಾಗದಲ್ಲಿ ಎಚ್ಚರಿಕೆ ಬರುವುದಿಲ್ಲ, ಸಿಡಿಲು ಮಾತ್ರ ಬರುತ್ತದೆ.

ಹಕ್ಕುಗಳು ಜಾಲಕ್ಕೆ ಅಂಟಿಕೊಂಡಾಗ

1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ದೇಶದ ಮೊದಲ ಮೊಬೈಲ್ ಕರೆ ಹೋದಾಗ ಅದು ಸಿರಿವಂತರ ಸಾಧನವಾಗಿತ್ತು. ಇಂದು ಬಡವನ ಅನ್ನವೂ ಅದಕ್ಕೆ ಜೋಡಣೆಯಾಗಿದೆ. ಪಡಿತರದ ಅಂಗಡಿಯಲ್ಲಿ ಬೆರಳಚ್ಚು ಕೊಡಲು ಜಾಲ ಬೇಕು. 2023ರ ಜನವರಿ 1ರಿಂದ ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಮೊಬೈಲ್ ಮೂಲಕ ಛಾಯಾಚಿತ್ರ ಸಹಿತ ಹಾಜರಾತಿ ಕಡ್ಡಾಯವಾಯಿತು. ಬೆಳೆ ಸಮೀಕ್ಷೆ ಮೊಬೈಲಿನಲ್ಲಿ ನಡೆಯುತ್ತದೆ. ಕೋವಿಡ್ ಕಾಲದಲ್ಲಿ, 2020 ಮತ್ತು 2021ರಲ್ಲಿ, ಮಲೆನಾಡು ಹಾಗೂ ಕರಾವಳಿಯ ಮಕ್ಕಳು ಪಾಠ ಕೇಳಲು ಗುಡ್ಡದ ತುದಿಗೂ ರಸ್ತೆಯ ತಿರುವಿಗೂ ಹೋಗಿ ಮಳೆಯಲ್ಲಿ ಕೊಡೆ ಹಿಡಿದು ಕುಳಿತದ್ದನ್ನು ನಾಡೆಲ್ಲ ಕಂಡಿತು. ಲಿಂಗನಮಕ್ಕಿ ಜಲಾಶಯದ ಹಿನ್ನೀರಿನ ಜನ ನಾಡಿಗೆ ಬೆಳಕು ಕೊಡಲು ತಮ್ಮ ಭೂಮಿಯನ್ನು ಕಳೆದುಕೊಂಡವರು. 2021ರಲ್ಲಿ ಅವರೇ ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂದು ಹೇಳಬೇಕಾಯಿತು.

ಸರ್ಕಾರ ಸುಮ್ಮನಿದೆ ಎಂದು ನಾನು ಹೇಳಲಾರೆ. ಗ್ರಾಮೀಣ ದೂರಸಂಪರ್ಕಕ್ಕಾಗಿ ಕಂಪನಿಗಳ ಆದಾಯದ ಶೇಕಡಾ 5 ಭಾಗವನ್ನು ಸಂಗ್ರಹಿಸುವ ಸಾರ್ವತ್ರಿಕ ಸೇವಾ ನಿಧಿ 2002ರಿಂದ ಇದೆ. 2023ರ ದೂರಸಂಪರ್ಕ ಕಾಯಿದೆಯ ಬಳಿಕ ಅದಕ್ಕೆ ಡಿಜಿಟಲ್ ಭಾರತ ನಿಧಿ ಎಂಬ ಹೆಸರು ಬಂದಿದೆ. 2022ರ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟವು 4ಜಿ ಇಲ್ಲದ 24,680 ಗ್ರಾಮಗಳಿಗೆ 26,316 ಕೋಟಿ ರೂಪಾಯಿಯ ಯೋಜನೆಯನ್ನು ಮಂಜೂರು ಮಾಡಿತು. ಈ ನಿಧಿಯಿಂದ ನಿಂತ ಟವರುಗಳನ್ನು ಬೇರೆ ಬೇರೆ ಕಂಪನಿಗಳ ಗ್ರಾಹಕರೂ ಬಳಸುವ ವ್ಯವಸ್ಥೆಯನ್ನು 2025ರ ಜನವರಿಯಲ್ಲಿ ಪ್ರಕಟಿಸಲಾಯಿತು. ಒಂದೇ ಗುಡ್ಡದ ಮೇಲೆ ಮೂರು ಟವರು ನಿಲ್ಲಿಸುವುದಕ್ಕಿಂತ ಒಂದನ್ನು ಮೂವರು ಹಂಚಿಕೊಳ್ಳುವುದು ಪರಿಸರದ ದೃಷ್ಟಿಯಿಂದಲೂ ಉಚಿತ.

ಆದರೆ ನಿಯಮಗಳಲ್ಲಿ ಇನ್ನೂ ಬಯಲಿನ ದೃಷ್ಟಿಯೇ ಇದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2024ರ ನಿಯಮಾವಳಿಯ ಪ್ರಕಾರ ಸೇವೆ 24 ಗಂಟೆಗಿಂತ ಹೆಚ್ಚು ಕಾಲ ನಿಂತರೆ ಗ್ರಾಹಕರಿಗೆ ಪರಿಹಾರ ಕೊಡಬೇಕು. ಒಳ್ಳೆಯ ನಿಯಮವೇ ಸರಿ. ಆದರೆ ಅಲ್ಲಿಯ ಅಳತೆಗೋಲು ಜಿಲ್ಲೆ. ಒಂದು ಕಣಿವೆಯ ಒಂದೇ ಟವರು ಐದು ದಿನ ನಿಂತರೆ ಜಿಲ್ಲೆಯ ಲೆಕ್ಕದಲ್ಲಿ ಅದು ಕಾಣಿಸುವುದೇ ಇಲ್ಲ.

ಕಾಡು ಮತ್ತು ಆರೋಗ್ಯ

ಪರಿಸರವಾದಿಗಳು ಟವರಿಗೆ ಅಡ್ಡಿ ಮಾಡುತ್ತಾರೆ ಎಂಬ ಆಪಾದನೆ ಇದೆ. ನಮ್ಮ ನಿಲುವು ಸ್ಪಷ್ಟವಾಗಿದೆ. 2006ರ ಅರಣ್ಯ ಹಕ್ಕು ಕಾಯಿದೆಯ ಕಲಂ 3(2) ಶಾಲೆ, ಅಂಗನವಾಡಿ, ಕುಡಿಯುವ ನೀರು ಮುಂತಾದವುಗಳ ಜೊತೆಗೆ ವಿದ್ಯುತ್ ಮತ್ತು ದೂರಸಂಪರ್ಕ ತಂತಿಗಳಿಗೂ ಅರಣ್ಯಭೂಮಿ ನೀಡಲು ಅವಕಾಶ ಕೊಟ್ಟಿದೆ. ಷರತ್ತುಗಳೆಂದರೆ, ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಭೂಮಿ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಗ್ರಾಮಸಭೆಯ ಶಿಫಾರಸು ಇರಬೇಕು. ಕಾಡನ್ನೂ ಉಳಿಸಿ ಸಂಪರ್ಕವನ್ನೂ ಪಡೆಯುವ ದಾರಿ ಕಾನೂನಿನಲ್ಲಿಯೇ ಇದೆ.

ವಿಕಿರಣದ ಭಯವೂ ಅನೇಕರಲ್ಲಿದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಈ ಅಲೆಗಳನ್ನು ‘ಸಂಭಾವ್ಯ’ ಅಪಾಯದ ಗುಂಪಿಗೆ ಸೇರಿಸಿತು. ಅಪಾಯ ಸಿದ್ಧಪಟ್ಟಿದೆ ಎಂಬುದು ಇದರ ಅರ್ಥವಲ್ಲ. 2012ರ ಸೆಪ್ಟೆಂಬರ್ 1ರಿಂದ ಭಾರತದಲ್ಲಿ ಟವರುಗಳ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗಕ್ಕೆ ಇಳಿಸಲಾಯಿತು. ಗಮನಿಸಬೇಕಾದ ಅಂಶ ಇನ್ನೊಂದಿದೆ. ಸಿಗ್ನಲ್ ದುರ್ಬಲವಾದಷ್ಟೂ ಫೋನು ತನ್ನ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಕಣಿವೆಯಲ್ಲಿ ಬ್ಯಾಟರಿ ಬೇಗ ಬರಿದಾಗುವುದು ಇದರಿಂದಲೇ. ಅಂದರೆ ಟವರು ದೂರವಿದ್ದಾಗ ಕಿವಿಗೆ ಹಿಡಿದ ಫೋನಿನ ಅಲೆಯೇ ಹೆಚ್ಚಾಗುತ್ತದೆ.

ಮಾಡಬೇಕಾದ ಕೆಲಸ

1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ ಆರಂಭವಾಯಿತು. 128 ಸಂಪರ್ಕಗಳ ಆ ಸಣ್ಣ ಯಂತ್ರಕ್ಕೆ ಹವಾನಿಯಂತ್ರಣ ಬೇಕಿರಲಿಲ್ಲ, ಹಳ್ಳಿಯ ಸೆಕೆ ಮತ್ತು ಧೂಳನ್ನು ಗಮನದಲ್ಲಿಟ್ಟೇ ಅದನ್ನು ರಚಿಸಲಾಗಿತ್ತು. ಹಳ್ಳಿಯ ಸ್ಥಿತಿಯನ್ನು ಅರಿತು ತಂತ್ರಜ್ಞಾನ ರೂಪಿಸಿದರೆ ಅದು ಹಳ್ಳಿಯಲ್ಲಿ ಬಾಳುತ್ತದೆ. ಅದೇ ವಿವೇಕ ಈಗ ಮಲೆನಾಡಿಗೆ ಬೇಕು. ಕಣಿವೆಗಳಿಗೆ ಕಡಿಮೆ ಆವರ್ತನದ ಸಣ್ಣ ಟವರುಗಳು, ಮೂರು ದಿನ ತಾಳುವ ಬ್ಯಾಟರಿ, ಪಂಚಾಯಿತಿಯಿಂದ ಮಜರೆಯವರೆಗೆ ಆಪ್ಟಿಕಲ್ ಕೇಬಲ್ ಬೇಕು. ಮಳೆಗಾಲದಲ್ಲಿ ಸೌರಫಲಕ ಸೋತಾಗ ತುಂಬಿ ಹರಿಯುವ ಹಳ್ಳಗಳಿಂದ ಕಿರು ಜಲವಿದ್ಯುತ್ ಪಡೆಯಬಹುದು. ಮಲೆನಾಡಿನ ಅನೇಕ ಮನೆಗಳು ಈಗಾಗಲೇ ಹಾಗೆ ದೀಪ ಉರಿಸುತ್ತಿವೆ.

ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟು. ನಿಮ್ಮ ನಿಮ್ಮ ಊರಿನ ಮನೆಮನೆಯ ಲೆಕ್ಕ ಬರೆಯಿರಿ. ಹೆಚ್ಚಿನ ಫೋನುಗಳ ಸಿಮ್ ಸ್ಥಿತಿಯ ಪುಟದಲ್ಲಿ ಸಿಗ್ನಲಿನ ಅಂಕಿ ಇರುತ್ತದೆ. 4ಜಿಯಲ್ಲಿ ಮೈನಸ್ 85 ಒಳ್ಳೆಯದು, ಮೈನಸ್ 115 ಬಹಳ ದುರ್ಬಲ. ಪ್ರತಿ 10 ಅಂಕಿಗೆ ಶಕ್ತಿ ಹತ್ತು ಪಟ್ಟು ಇಳಿಯುವುದರಿಂದ ಇವೆರಡರ ನಡುವೆ ಸಾವಿರ ಪಟ್ಟು ಅಂತರವಿದೆ. ಮನೆಯೊಳಗೆ, ಅಂಗಳದಲ್ಲಿ, ತೋಟ ಅಥವಾ ಹೊಲದಲ್ಲಿ ಅಳೆಯಿರಿ. ಬೇಸಿಗೆ, ಮಳೆಗಾಲ, ಚಳಿಗಾಲ ಮೂರರಲ್ಲೂ ಅಳೆಯಿರಿ. ಕರೆ ಹೋಗುತ್ತದೆಯೇ, ಸಂದೇಶ ಹೋಗುತ್ತದೆಯೇ, ವಿದ್ಯುತ್ ಹೋದ ಎಷ್ಟು ಗಂಟೆಗೆ ಟವರು ನಿಲ್ಲುತ್ತದೆ ಎಂಬುದನ್ನು ದಿನಾಂಕ ಸಹಿತ ಬರೆದಿಡಿ. 2024ರ ನಿಯಮಾವಳಿಯ ಪ್ರಕಾರ ಕಂಪನಿಗಳು ತಮ್ಮ ಸೇವಾ ವ್ಯಾಪ್ತಿಯ ನಕ್ಷೆಯನ್ನು ಪ್ರಕಟಿಸಬೇಕು. ಅವರ ನಕ್ಷೆಯನ್ನೂ ನಿಮ್ಮ ಲೆಕ್ಕವನ್ನೂ ಗ್ರಾಮಸಭೆಯಲ್ಲಿ ಪಕ್ಕಪಕ್ಕದಲ್ಲಿ ಇಟ್ಟು ಠರಾವು ಮಾಡಿಸಿರಿ. ಜೊತೆಗೆ ಒಂದು ಮಾತು ಎಲ್ಲರಿಗೂ ತಿಳಿದಿರಲಿ: ನಿಮ್ಮ ಸಿಮ್ಮಿನ ಜಾಲ ಇಲ್ಲದ ಕಡೆಯೂ ಬೇರೆ ಕಂಪನಿಯ ಸಿಗ್ನಲ್ ಇದ್ದರೆ 112ಕ್ಕೆ ತುರ್ತು ಕರೆ ಹೋಗುತ್ತದೆ.

ವರದೆಯ ಮೂಲದ ಊರುಗಳವರೂ ವರದೆಯ ಕೆಳಪಾತ್ರದ ನೀವೂ ಈ ಲೆಕ್ಕವನ್ನು ಒಟ್ಟಾಗಿ ಬರೆದರೆ, ಕಣಿವೆಯ ನಾಲ್ಕು ಮನೆಗಳ ಸಂಪರ್ಕ ಆ ನಾಲ್ಕು ಮನೆಗಳ ಸಂಗತಿ ಮಾತ್ರವಲ್ಲ ಎಂಬುದು ಅಧಿಕಾರಿಗಳಿಗೂ ಮನವರಿಕೆಯಾಗುತ್ತದೆ. ಬರುವ ಮುಂಗಾರಿಗೆ ಮೊದಲೇ ಈ ಕೆಲಸ ಆರಂಭವಾಗಲಿ.