ಮೊದಲು ನೀರು, ಆಮೇಲೆ ಮಾತು

ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ಗದ್ದೆ, ಗುಡ್ಡ. ಹಿಂದೆ ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು, ಸಂಕ ದಾಟಿ ಬಂದವನಿಗೆ ಆ ರಾತ್ರಿ ಕಣ್ಣಿಗೆ ಬಿದ್ದ ಮನೆಯೇ ಆಸರೆ. ಇಂದು ಬಂದವನ ಬಾಗಿಲನ್ನು ನಾಳೆ ನಾವೂ ತಟ್ಟಬೇಕಾದೀತು. ಮಲೆನಾಡಿನ ಆತಿಥ್ಯ ಬೇರುಬಿಟ್ಟಿದ್ದು ಈ ಅಗತ್ಯದಲ್ಲಿ.

ಅದಕ್ಕೊಂದು ಕ್ರಮವೂ ಇದೆ. ಜಗುಲಿ ಹತ್ತುವ ಮುನ್ನ ಕಾಲಿಗೆ ನೀರು. ಕೂತ ಮೇಲೆ ಬೆಲ್ಲದ ತುಂಡು, ಒಂದು ತಂಬಿಗೆ ತಣ್ಣೀರು. ‘ಆಸರಿಗೆ ಎಂತ ಬೇಕು?’, ಅಂದರೆ ಕುಡಿಯಲು ಏನು ಬೇಕು ಎಂಬ ವಿಚಾರಣೆ. ಆಮೇಲೆ ಎಲೆಅಡಿಕೆಯ ಹರಿವಾಣ. ಬಂದ ಕಾರಣ ಕೇಳುವುದು ಎಲ್ಲಕ್ಕಿಂತ ಕೊನೆಗೆ.

ಈಗ ಅಲ್ಲೆಲ್ಲ ಹೋಂಸ್ಟೇಗಳಿವೆ. ಜೋಗ, ಕೊಡಚಾದ್ರಿ, ಕುಪ್ಪಳಿ ನೋಡಲು ಬಂದವರು ದುಡ್ಡು ಕೊಟ್ಟೇ ಉಳಿಯುತ್ತಾರೆ, ತಪ್ಪೇನಿಲ್ಲ. ಆದರೆ ವರ್ಷ ಕಳೆದ ಮೇಲೂ ಅವರಿಗೆ ನೆನಪಾಗುವುದು, ‘ನೆನೆದು ಬಂದಿದ್ದೀರಿ, ಮೊದಲು ಸ್ನಾನ ಮಾಡಿ’ ಎನ್ನುತ್ತಾ ಬಚ್ಚಲ ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದ ಅಮ್ಮ. ಬೇಡವೆಂದರೂ ಇನ್ನೊಂದು ಸೌಟು ತಂಬುಳಿ ಬಡಿಸಿದ ಕೈ. ಬಿಲ್ಲಿನಲ್ಲಿ ಇವಕ್ಕೆ ದರವಿರುವುದಿಲ್ಲ.

ಇವತ್ತು ನಿಮ್ಮ ಮನೆಗೋ ಕಚೇರಿಗೋ ಯಾರಾದರೂ ಬಂದರೆ, ಕೈಯಲ್ಲಿನ ಫೋನು ಕೆಳಗಿಡಿ. ಕೂರಿಸಿ, ನೀರು ಕೊಡಿ. ಬಂದ ವಿಷಯ ಆಮೇಲೆ ಕೇಳಿದರಾಯಿತು.